ಹೊನ್ನಣ್ಣ ಮತ್ತು ಜಗ್ಗುವ ಕಾರು

ಹೊನ್ನಣ್ಣನ ಎಡಮಂಡಿ ಮೂವತ್ತೊಂದು ವರ್ಷ ಕ್ಲಚ್ ತುಳಿದು ಸವೆದದ್ದು. ಊರು ಭಟ್ಕಳದ ಹತ್ತಿರದ ಮುಟ್ಟಳ್ಳಿ. ಗದ್ದೆಯ ಪಾಲು ಅಣ್ಣಂದಿರಿಗೇ ಸಾಲದು ಎಂದು ಹದಿನೆಂಟಕ್ಕೆ ಟೆಂಪೋದ ಕ್ಲೀನರ್ ಆಗಿ ಸೇರಿದ. ಬಾಗಿಲಿಗೆ ಜೋತುಬಿದ್ದು "ಕುಮ್ಟಾ ಕುಮ್ಟಾ ಕುಮ್ಟಾ" ಎಂದು ವರ್ಷಗಟ್ಟಲೆ ಕೂಗಿದ ಮೇಲೆ ಡ್ರೈವರ್ ಸೀಟು ಸಿಕ್ಕಿತು. ಆ ಸೀಟಿನಿಂದ ಇಳಿದದ್ದು ಅರವತ್ತೊಂದನೆಯ ವಯಸ್ಸಿಗೆ. ಅಷ್ಟು ವರ್ಷ ಭಟ್ಕಳ, ಹೊನ್ನಾವರ, ಕುಮಟಾ. ತಿರುಗಿ ಕುಮಟಾ, ಹೊನ್ನಾವರ, ಭಟ್ಕಳ. ಯಾವ ತಿರುವಿನಲ್ಲಿ ಯಾರ ಮೀನಿನ ಬುಟ್ಟಿ ಹತ್ತುತ್ತದೆ, ಯಾವ ಮಾಸ್ತರರು ಎರಡು ನಿಮಿಷ ತಡ ಮಾಡುತ್ತಾರೆ ಎಲ್ಲ ಬಾಯಿಪಾಠ. "ಹೊನ್ನನ ಗಾಡಿ ಡೀಸೆಲ್ ಕುಡಿಯೂದಿಲ್ಲ, ಮೂಸಿ ನೋಡಿ ಬಿಡ್ತದೆ" ಎಂದು ಟೆಂಪೋದ ಮಾಲೀಕರು ಹತ್ತು ಜನರ ಎದುರು ಹೇಳುತ್ತಿದ್ದರಂತೆ. ಅದನ್ನು ಹೊನ್ನಣ್ಣ ನನಗೆ ಕಡಿಮೆಯೆಂದರೂ ಆರು ಸಲ ಹೇಳಿದ್ದಾನೆ.

ಮಂಡಿ ಮಡಚಲು ಬಾರದಂತಾದಾಗ ಡಾಕ್ಟರು ಕ್ಲಚ್ ಮುಟ್ಟಬೇಡಿ ಎಂದರು. ಒಂದು ವರ್ಷ ಮನೆಯಲ್ಲಿ ಕೂತ. ಆ ವರ್ಷದ ಬಗ್ಗೆ ಅವನ ಹೆಂಡತಿ ಸಣ್ಣಿಯನ್ನೇ ಕೇಳಬೇಕು. "ನಾ ಸಾರಿಗೆ ಉಪ್ಪು ಹಾಕೂಕೂ ಇವ್ರು ಸಿಗ್ನಲ್ ಕೊಡೂರು ತಂಗಿ. ರಿವರ್ಸ್ ಬಾ, ಲೆಫ್ಟಿಗೆ ತಗೊ. ನಂಗೆ ಹುಚ್ಚು ಹಿಡಿಯೂದೊಂದು ಬಾಕಿ."

ಆ ಹೊತ್ತಿಗೆ ನಾವು ಕಾರು ತೆಗೆದುಕೊಂಡೆವು. ನನ್ನ ಗಂಡ ಸುಹಾಸನ ಕೆಲಸ ಭಟ್ಕಳದ ಬ್ಯಾಂಕಿನಲ್ಲಿ, ನನ್ನದು ಕುಮಟಾದ ಲ್ಯಾಬಿನಲ್ಲಿ. ಒಂದೂವರೆ ವರ್ಷದ ಮಗಳು ಶ್ರೀಗೌರಿಯನ್ನು ದಾರಿಯಲ್ಲಿ ಹೊಳನಗದ್ದೆಯ ನನ್ನ ಅಮ್ಮನ ಹತ್ತಿರ ಬಿಟ್ಟು ನಾನು ಲ್ಯಾಬಿಗೆ ಹೋಗಬೇಕು. ಮಗು ಕಟ್ಟಿಕೊಂಡು ಹೈವೇಯಲ್ಲಿ ಓಡಿಸುವ ಧೈರ್ಯ ನನಗಿಲ್ಲ. ಕೊಂಡದ್ದು ಸೆಕೆಂಡ್ ಹ್ಯಾಂಡ್ ಕಾರು, ಆಟೋಮ್ಯಾಟಿಕ್. ಗೇರು ತಾನೇ ಬದಲಾಗುತ್ತದೆ, ಕ್ಲಚ್ ಇಲ್ಲ. ಆ ಸುದ್ದಿ ಹೇಗೋ ಮುಟ್ಟಳ್ಳಿಗೆ ಮುಟ್ಟಿ ಹೊನ್ನಣ್ಣ ತಾನಾಗಿ ಬಂದು ಗೇಟಿನಲ್ಲಿ ನಿಂತ. ಬಾಗಿಲು ತೆಗೆದು ಒಳಗೆ ಬಗ್ಗಿ ನೋಡಿ ಕೇಳಿದ:

"ಎರಡೇ ಪೆಡ್ಲು? ಇನ್ನೊಂದು ಎಲ್ಲಿ ಬಿದ್ದೋತು?"

ಮೊದಲ ತಿಂಗಳು ಗೇರಿನ ಕೋಲನ್ನು ಮುಟ್ಟಲಿಕ್ಕೂ ಹೆದರಿದ. ಬೆಳಿಗ್ಗೆ 'ಡಿ'ಗೆ ಹಾಕಿದರೆ ಕುಮಟಾದಲ್ಲೇ ತೆಗೆಯುವುದು. ನಿಧಾನಕ್ಕೆ ಪಳಗಿದ. ಹಳೆಯ ಪರಿಚಯದವರು ಕಂಡಲ್ಲೆಲ್ಲ ಎರಡು ಸಲ ಹಾರ್ನ್ ಬಾರಿಸುವಷ್ಟು ಹುರುಪು ಬಂತು.

ದೀಪಾವಳಿ ಕಳೆದ ಮೇಲೆ ಕಾರು ಜಗ್ಗಲು ಸುರುವಾಯಿತು. ಸರಾಗ ಹೋಗುತ್ತಿದ್ದ ಗಾಡಿ ಇದ್ದಕ್ಕಿದ್ದಂತೆ 'ಧಡ್' ಎಂದು ಮುಂದಕ್ಕೆ ಎಳೆಯುವುದು, ಯಾರೋ ಹಿಂದಿನಿಂದ ಒದ್ದ ಹಾಗೆ. ಮಗುವಿನ ಕುತ್ತಿಗೆ ಅಲ್ಲಾಡುವುದು. ಒಂದು ದಿನ ಕುಡಿದ ಹಾಲೆಲ್ಲ ನನ್ನ ಸೀರೆಗೆ ಬಂತು. ಭಟ್ಕಳದ ಒಂದು ಗ್ಯಾರೇಜಿನವರು ಬಾನೆಟ್ಟು ಕೂಡ ಎತ್ತದೆ, ಹೇಳಿದ್ದಷ್ಟೇ ಕೇಳಿ, "ಗೇರ್ ಬಾಕ್ಸ್ ಹೋಗಿದೆ" ಎಂದುಬಿಟ್ಟರು.

ರಾತ್ರಿ ಊಟದ ಹೊತ್ತಿಗೆ ಸುಹಾಸ ಹೇಳಿದ, "ಮಾರಿಬಿಡನ ವಂದನಾ. ಕೂಸು ಕೂತ್ಗಂಡು ಹೋಪ ಗಾಡಿ, ಸೇತುವೆ ಮೇಲೆ ನಿಂತುಬಿಟ್ರೆ ಎಂತ ಮಾಡದು? ಸಾದಾ ಗೇರಿನ ಕಾರೇ ತಗಳನ."

"ಹೊನ್ನಣ್ಣ?"

"ಅದೇ ಬೇಜಾರು. ಆದ್ರೆ ಬೇರೆ ದಾರಿ ಇಲ್ಲೆ."

ಸಾದಾ ಗೇರು ಅಂದರೆ ಕ್ಲಚ್ಚು. ಕ್ಲಚ್ಚು ಅಂದರೆ ಹೊನ್ನಣ್ಣ ಮತ್ತೆ ಮುಟ್ಟಳ್ಳಿಯ ಜಗಲಿಯ ಮೇಲೆ. ನಮ್ಮ ಕಡೆ ಬೇರೆ ಯಾರು ಅರವತ್ತೆರಡರವನಿಗೆ ಆಟೋಮ್ಯಾಟಿಕ್ ಕಾರು ಕೊಟ್ಟು ಓಡಿಸು ಎಂದು ಕೂರಿಸುತ್ತಾರೆ? ಅವನಿಗೆ ವಿಷಯ ತಿಳಿಸಿದೆವು. "ಆತು" ಎಂದ. ಆ ಸಂಜೆ ಭಟ್ಕಳ ಮುಟ್ಟುವವರೆಗೆ ಯಾರಿಗೂ ಹಾರ್ನ್ ಬಾರಿಸಲಿಲ್ಲ.

ಮಾರುವ ಮೊದಲು ಇನ್ನೊಬ್ಬರಿಗೆ ತೋರಿಸೋಣ ಎಂದು ನಾನೇ ಹಟ ಹಿಡಿದೆ. ಹೊನ್ನಾವರದಲ್ಲಿ ದಿವಾಕರ ಎಂಬ ಮೆಕ್ಯಾನಿಕ್ ಇದ್ದಾನೆ. ಗೇರ್ ಬಾಕ್ಸಿನ ಎಣ್ಣೆಯನ್ನು ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ಟು ನೋಡಿದ, ಮೂಸಿದ. ಕಂಪ್ಯೂಟರ್ ಜೋಡಿಸಿ ನೋಡಿದ. ಟಾರ್ಚ್ ಹಿಡಿದು ಎಂಜಿನ್ ಕೂತ ರಬ್ಬರುಗಳನ್ನು ನೋಡಿದ. ತಾನೇ ಓಡಿಸಿ ಕರ್ಕಿಯವರೆಗೆ ಹೋಗಿಬಂದ.

"ಎಣ್ಣೆ ಕೆಂಪೇ ಉಂಟು ಅಕ್ಕ. ಗೇರ್ ಬಾಕ್ಸ್ ಸಾಯೂಕೆ ಬಂದ್ರೆ ಎಣ್ಣೆ ಕಪ್ಪಾಗ್ತದೆ, ಸುಟ್ಟ ವಾಸ್ನೆ ಬತ್ತದೆ. ಕಂಪ್ಯೂಟ್ರೂ ಎಂತದೂ ಹೇಳೂದಿಲ್ಲ. ನನ್ನ ಕೈಯಲ್ಲಿ ಜಗ್ಲೂ ಇಲ್ಲ." ಹೊನ್ನಣ್ಣನ ಕಡೆ ತಿರುಗಿ, "ನೀವು ಹ್ಯಾಂಗೆ ಓಡಿಸ್ತ್ರಿ?" ಎಂದು ಕೇಳಿದ.

"ಹ್ಯಾಂಗೆ ಅಂದ್ರೆ? ಡಿಗೆ ಹಾಕೂದು, ಹೋಗೂದು."

ದಿವಾಕರ ಕೈ ಒರೆಸಿಕೊಳ್ಳುತ್ತ ನನಗೆ ಹೇಳಿದ, "ನೀವು ಲ್ಯಾಬಿನವ್ರಲ್ದಾ? ನಂಗೊಂದು ಸರಿಯಾದ ಸ್ಯಾಂಪಲ್ ತನ್ನಿ. ಎಲ್ಲಿ ಜಗ್ತು, ಎಷ್ಟು ಸ್ಪೀಡಲ್ಲಿ, ಎಂಜಿನ್ ಬಿಸಿಯೋ ತಣ್ಣಗೋ. ಹತ್ತು ದಿನ ಬರೀರಿ."

ಬರೆಯುವುದು ನನಗೆ ಹೊಸತಲ್ಲ. ಮಗಳ ಜ್ವರ, ಹಲ್ಲು, ಎಷ್ಟು ಹೊತ್ತಿಗೆ ಎಷ್ಟು ಗಂಜಿ, ಎಲ್ಲ ಡೈರಿಯಲ್ಲಿದೆ. ಅದರದೇ ಮಗ್ಗುಲಲ್ಲಿ ಕಾರಿನದೂ ಸೇರಿತು.

'ಸೋಮ, ಬೆಳಿಗ್ಗೆ. ಅನಂತವಾಡಿ ದಾಟಿ. ಅರವತ್ತರ ಮೇಲೆ. ಒಂದು ಸಲ. ಗೌರಿ ಎದ್ದಳು.'

'ಸೋಮ, ಸಂಜೆ. ಕರ್ಕಿ. ಜೋರಾಗಿ.'

'ಬುಧ, ಬೆಳಿಗ್ಗೆ. ಮಂಕಿ. ಆಮೇಲೆ ಕರ್ಕಿ. ಹಳದೀಪುರದಿಂದ ಕುಮಟಾವರೆಗೆ ಏನೂ ಇಲ್ಲ.'

'ಭಾನುವಾರ. ಸುಹಾಸ ಓಡಿಸಿದ್ದು. ಅಮ್ಮನ ಮನೆಗೆ ಹೋಗಿಬಂದೆವು. ಒಮ್ಮೆಯೂ ಇಲ್ಲ. ಗೌರಿ ಪೂರ್ತಿ ನಿದ್ದೆ.'

ಒಂಬತ್ತನೆಯ ದಿನ ಪುಟ ತಿರುವಿ ಹಾಕುವಾಗ ಕಂಡಿತು: ಜಗ್ಗಿದ್ದೆಲ್ಲ ಇಳಿಜಾರಿನ ಬುಡದಲ್ಲಿ. ಏರಿನಲ್ಲಿ ಒಂದೂ ಇಲ್ಲ, ಸಪಾಟು ರಸ್ತೆಯಲ್ಲಿ ಒಂದೂ ಇಲ್ಲ. ಭಾನುವಾರದ ಸಾಲನ್ನು ಎರಡು ಸಲ ಓದಿದೆ. ಅದೇ ಇಳಿಜಾರು, ಅದೇ ಕಾರು. ಓಡಿಸಿದವರು ಮಾತ್ರ ಬೇರೆ.

ಮಗಳ ಜೊತೆ ನಾನು ಯಾವಾಗಲೂ ಕೂರುವುದು ಡ್ರೈವರ್ ಸೀಟಿನ ಹಿಂದೆ. ಅಲ್ಲಿಂದ ಹೊನ್ನಣ್ಣನ ಬೆನ್ನು ಬಿಟ್ಟರೆ ಏನೂ ಕಾಣುವುದಿಲ್ಲ. ಶುಕ್ರವಾರ ಗೌರಿ ಅಜ್ಜಿಯ ಮನೆಯಲ್ಲೇ ಉಳಿದಳು. ಸಂಜೆ ನಾನು ಮುಂದಿನ ಸೀಟಿನಲ್ಲಿ ಕೂತೆ.

ಕರ್ಕಿಯ ಏರು ಮುಗಿದು ರಸ್ತೆ ಕೆಳಗೆ ಬಾಗುತ್ತಿದ್ದಂತೆ ಹೊನ್ನಣ್ಣನ ಎಡಗೈ ತಾನೇ ಎದ್ದಿತು. ಅಂಗೈಯ ಬುಡದಿಂದ ಕೋಲನ್ನು ಒಂದು ಮನೆ ಮುಂದೂಡಿತು. ಡಿಯಿಂದ ನ್ಯೂಟ್ರಲ್. ಎಂಜಿನ್ನಿನ ದನಿ ಅಡಗಿ ಕಾರು ಗಾಳಿಯ ಮೇಲೆ ಹೋದಂತೆ ಇಳಿಯಿತು. ಅವನ ಮುಖದಲ್ಲಿ ಒಂದು ಸಮಾಧಾನ. ಬುಡ ಬಂತು, ಕೈ ಕೋಲನ್ನು ಹಿಂದಕ್ಕೆ ಎಳೆಯಿತು. ಧಡ್.

"ಕಂಡ್ರ ತಂಗಿ? ಮತ್ತೆ ಜಗ್ತು," ಎಂದ ಹೊನ್ನಣ್ಣ ಬೇಸರದಿಂದ.

ಟೆಂಪೋದ ಮಾಲೀಕರು ಹೊಗಳಿದ್ದು ಇದನ್ನೇ. ಇಳಿಜಾರು ಕಂಡಲ್ಲೆಲ್ಲ ನ್ಯೂಟ್ರಲ್ ಮಾಡಿ ಡೀಸೆಲ್ ಉಳಿಸಿದ ಕೈ ಅದು. ಮೊದಲ ತಿಂಗಳು ಹೆದರಿ ಸುಮ್ಮನಿತ್ತು; ಧೈರ್ಯ ಬಂದ ಮೇಲೆ ತನ್ನ ಹಳೆಯ ಕೆಲಸಕ್ಕೆ ಹತ್ತಿತ್ತು. ಮೆಕ್ಯಾನಿಕ್ಕಿಗೆ ಅವನು ಸುಳ್ಳು ಹೇಳಿರಲಿಲ್ಲ. ಉಸಿರಾಡುತ್ತೇನೆ ಎಂದು ಯಾರು ಹೇಳುತ್ತಾರೆ?

ಹೊನ್ನಾವರದಲ್ಲಿ ಔಷಧಿ ಬೇಕು ಎಂದು ನೆಪ ಹೇಳಿ ಇಳಿದು ದಿವಾಕರನಿಗೆ ಫೋನ್ ಮಾಡಿದೆ. ಅವನು ನಕ್ಕುಬಿಟ್ಟ. "ಅಯ್ಯೋ ದೇವ್ರೆ. ಚಕ್ರ ಅರವತ್ತರಲ್ಲಿ ಓಡ್ತದೆ, ಎಂಜಿನ್ ತೂಕಡಿಸ್ತಾ ಇರ್ತದೆ. ಡಿಗೆ ಎಳೆದ ಕೂಡ್ಲೆ ಎರಡನ್ನೂ ಗಂಟು ಹಾಕ್ಬೇಕು. ಜಗ್ದೆ ಇನ್ನೆಂತ ಮಾಡ್ತದೆ? ಹಿಂಗೇ ಮಾಡ್ತಾ ಇದ್ರೆ ಮುಂದೆ ನಿಜಕ್ಕೂ ಗೇರ್ ಬಾಕ್ಸ್ ಹೋಗ್ತದೆ. ಪೆಟ್ರೋಲೂ ಉಳಿಯೂದಿಲ್ಲ ಅಕ್ಕ, ಈಗಿನ ಗಾಡಿ ಇಳಿಜಾರಲ್ಲಿ ಗೇರಲ್ಲೇ ಇದ್ರೆ ತಾನೇ ಪೆಟ್ರೋಲ್ ನಿಲ್ಲಿಸ್ತದೆ."

ಶರಾವತಿ ಸೇತುವೆ ದಾಟಿದ ಮೇಲೆ ಬದಿಗೆ ನಿಲ್ಲಿಸಲು ಹೇಳಿದೆ. ಮೊದಲೇ ವಾಕ್ಯ ಜೋಡಿಸಿ ಇಟ್ಟುಕೊಂಡಿದ್ದೆ, ಬಾಯಿಗೆ ಬಂದದ್ದು ಬೇರೆ. "ಹೊನ್ನಣ್ಣ, ಗಾಡೀಲಿ ಏನೂ ತೊಂದರೆ ಇಲ್ಲ. ಇಳಿಜಾರಲ್ಲಿ ನ್ಯೂಟ್ರಲ್ ಮಾಡ್ತೀರಲ್ಲ, ಅದಕ್ಕೇ ಜಗ್ಗೋದು."

"ನಾ ಎಲ್ಲಿ ನ್ಯೂಟ್ರಲ್ ಮಾಡ್ತೆ?"

"ಈಗ ಕರ್ಕೀಲಿ ಮಾಡಿದ್ರಿ."

ತನ್ನ ಎಡಗೈಯನ್ನು ನೋಡಿಕೊಂಡ. ಬೇರೆ ಯಾರದೋ ಕೈ ತೊಡೆಯ ಮೇಲೆ ಬಿದ್ದಿದೆ ಎಂಬಂತೆ. ದಿವಾಕರ ಹೇಳಿದ್ದನ್ನೆಲ್ಲ ಹೇಳಿದೆ. ಪೆಟ್ರೋಲ್ ಉಳಿಯುವುದಿಲ್ಲ ಎಂದಾಗ ಮಾತ್ರ ತಲೆ ಎತ್ತಿದ.

"ಉಳಿಯೂದೇ ಇಲ್ವ?"

"ಇಲ್ವಂತೆ."

ಗೇರಿನ ಕೋಲನ್ನು ನೋಡುತ್ತ ಕೇಳಿದ, "ಸಾಹೇಬ್ರಿಗೆ ಹೇಳಿದ್ರಾ?"

"ಇನ್ನೂ ಇಲ್ಲ. ಹೇಳ್ಬೇಕಲ್ಲ, ಇಲ್ಲಾಂದ್ರೆ ಕಾರು ಮಾರಿಬಿಡ್ತಾರೆ."

"ಎರಡು ದಿನ ಬಿಡಿ ತಂಗಿ. ನಾನೇ ಹೇಳ್ತೆ." ಕಾರು ಹೊರಡಿಸಿದ. "ಮಗೂನ ಕುತ್ತಿಗೆ ಅಲ್ಲಾಡ್ತಿತ್ತು. ಅದು ನಂದಾ?"

ಎರಡು ದಿನ ಕಾಯುತ್ತೇನೆ ಎಂದಷ್ಟೇ ಹೇಳಿದೆ. ಶನಿವಾರ ಹೊನ್ನಣ್ಣ ಬಂದ, ಓಡಿಸಿದ, ಸುಹಾಸನಿಗೆ ಮಾತ್ರ ಹೇಳಲಿಲ್ಲ. ಮಾತು ಕೊಟ್ಟಿದ್ದಕ್ಕೆ ನಾನೂ ಬಾಯಿ ಮುಚ್ಚಿಕೊಂಡಿದ್ದೆ. ಆದರೆ ಭಾನುವಾರ ಬೆಳಿಗ್ಗೆಯೇ ಗಿರಾಕಿ ಬಂದರು. ಕಾಗಾಲದ ತ್ರ್ಯಂಬಕ ಹೆಗಡೆ. ಸುಹಾಸ ಅವರ ಜೊತೆ ಫೋನಿನಲ್ಲೇ ಕಡಿಮೆ ದರಕ್ಕೆ ಮಾತಾಡಿಟ್ಟಿದ್ದ. ಮ್ಯಾಟು ಎತ್ತಿ ಮೂಸಿದರು, ಡಿಕ್ಕಿ ಬಡಿದರು. ನಾನು ಸುಹಾಸನನ್ನು ಒಳಗೆ ಕರೆಯುವ ಮೊದಲೇ, ಗಾಡಿ ತೋರಿಸಲು ಅವನು ಕರೆಸಿದ್ದ ಹೊನ್ನಣ್ಣನೂ ಬಂದಾಗಿತ್ತು.

"ಮುಚ್ಚಿಡದು ಎಂತದೂ ಇಲ್ಲೆ ಹೆಗಡೇರೆ," ಎಂದ ಸುಹಾಸ. "ಗಾಡಿ ಜಗ್ತು. ನಿಂಗ್ಳೇ ಕೂತು ನೋಡಿ. ಹೊನ್ನಣ್ಣ, ಅನಂತವಾಡಿವರೆಗೆ ಹೋಗಿಬರನ."

ಹೆಗಡೆಯವರು ಮುಂದೆ, ಸುಹಾಸ, ಮಗಳು ಮತ್ತು ನಾನು ಹಿಂದೆ. ಒಂದು ಸಲ ಕೈ ಆಡಿಸಿದರೆ ಸಾಕಿತ್ತು. ಗಾಡಿ ಜಗ್ಗುತ್ತಿತ್ತು, ಹೆಗಡೆಯವರು ಕಾಗಾಲಕ್ಕೆ ವಾಪಸು, ಹೊನ್ನಣ್ಣನಿಗೆ ಇನ್ನೊಂದಿಷ್ಟು ದಿನ ಕೆಲಸ. ಇಳಿಜಾರು ಬಂತು. ನಾನು ಸೀಟುಗಳ ನಡುವಿನಿಂದ ಬಗ್ಗಿ ನೋಡುತ್ತಿದ್ದೆ. ಎಡಗೈ ಎದ್ದಿತು, ಅರ್ಧದಲ್ಲಿ ನಿಂತಿತು, ಸ್ಟಿಯರಿಂಗಿಗೆ ಹೋಗಿ ಅಂಟಿಕೊಂಡಿತು. ಕಾರು ಬೆಣ್ಣೆಯ ಹಾಗೆ ಇಳಿಯಿತು.

"ಎಲ್ಲಿ ಜಗ್ತು?" ಎಂದರು ಹೆಗಡೆ.

"ಇವತ್ತು ಎಂತಕ್ಕೋ ಇಲ್ಲೆ," ಎಂದ ಸುಹಾಸ ಪೆಚ್ಚಾಗಿ.

ಹೊನ್ನಣ್ಣ ಬದಿಗೆ ನಿಲ್ಲಿಸಿದ. ಹಿಂದೆ ತಿರುಗದೆ, ಮುಂದಿನ ಗಾಜನ್ನೇ ನೋಡುತ್ತ ಹೇಳಿದ. "ಸಾಹೇಬ್ರೆ, ಗಾಡಿ ಚಲೋ ಉಂಟು. ನಾ ಇಳಿಜಾರಲ್ಲಿ ನ್ಯೂಟ್ರಲ್ ಮಾಡ್ತಿದ್ದೆ, ಅದಕ್ಕೆ ಜಗ್ತಿತ್ತು. ತಂಗಿಗೆ ಶುಕ್ರವಾರ ಗೊತ್ತಾತು. ನಾನೇ ಹೇಳ್ತೆ ಅಂದೆ, ಬಾಯಿ ಬರ್ಲಿಲ್ಲ. ತೋರಿಸ್ತೆ, ಕೂಸನ್ನ ಹಿಡ್ಕಳಿ."

ತಿರುಗಿಸಿ ಏರಿಸಿ ಮತ್ತೆ ಇಳಿಸಿದ. ನ್ಯೂಟ್ರಲ್, ಡಿ, ಧಡ್. "ಇದೇ."

ಮೊದಲು ಮಾತಾಡಿದವರು ಹೆಗಡೆ. "ಹಂಗಾರೆ ಗಾಡೀಲಿ ದೋಷವೇ ಇಲ್ಲೆ! ಆನು ತಗತ್ತೆ, ಈಗ್ಲೇ ತಗತ್ತೆ."

"ದೋಷ ಇಲ್ಲೆ ಅಂದ್ಮೇಲೆ ಆನೆಂತಕ್ಕೆ ಮಾರವು?" ಎಂದ ಸುಹಾಸ.

"ಮಾತು ಆಗಿದ್ದಲಾ!"

"ಜಗ್ಗೋ ಗಾಡಿದು ಮಾತಾಗಿದ್ದು ಹೆಗಡೇರೆ. ಜಗ್ಗದ್ದೆ ಇಪ್ಪ ಗಾಡಿದು ಆಗಿದ್ದಿಲ್ಲೆ."

ನಾನು ನಗು ತಡೆಯಲು ಮಗಳ ತಲೆಗೆ ಮುಖ ಒತ್ತಿದೆ. ಹೊನ್ನಣ್ಣ ನಗಲಿಲ್ಲ. ಇಳಿದು, ಕೀಲಿಯನ್ನು ಸುಹಾಸನ ಕೈಗಿಟ್ಟು, ಹಿಂದಿನ ಸೀಟಿನಲ್ಲಿ ಮುದುರಿ ಕೂತ. ಮನೆಯವರೆಗೂ ಹೆಗಡೆಯವರು ಗೊಣಗುತ್ತಲೇ ಇದ್ದರು. ಚಹ ಕುಡಿದು ಅವರು ಹೋದ ಮೇಲೆ ಹೊನ್ನಣ್ಣ ಮೆಟ್ಟಿಲ ಬಳಿ ಚಪ್ಪಲಿ ಹುಡುಕುತ್ತಿದ್ದ.

ಸುಹಾಸನಿಗೆ ಸಿಟ್ಟು ಬಂದಿತ್ತು, ಸುಳ್ಳು ಹೇಳುವುದಿಲ್ಲ. "ಇಷ್ಟು ದಿನ, ಹೊನ್ನಣ್ಣ! ಕೂಸು ಇತ್ತು ಗಾಡೀಲಿ."

"ಹೌದು ಸಾಹೇಬ್ರೆ."

"ಇನ್ನು ಮಾಡ್ತೀರಾ?"

ಬೇರೆ ಯಾರಾದರೂ ಆಗಿದ್ದರೆ ಮಾಡುವುದಿಲ್ಲ ಎನ್ನುತ್ತಿದ್ದರು. ಹೊನ್ನಣ್ಣ ಹೇಳಿದ್ದು, "ನಾ ಮಾಡೂದಿಲ್ಲ. ಕೈಯ್ದು ನಂಗೆ ಗೊತ್ತಿಲ್ಲ."

ಸುಹಾಸ ನನ್ನ ಮುಖ ನೋಡಿದ. ದಿನಾ ಹೋಗುವವಳು ನಾನು, ಮಗಳನ್ನು ಕಟ್ಟಿಕೊಂಡು ಕೂರುವವಳೂ ನಾನು. ಯೋಚಿಸಿದೆ. ಗೊತ್ತಿಲ್ಲ ಎಂದು ಹೇಳುವ ಡ್ರೈವರನ ಹಿಂದೆ ಕೂರುವುದೇ ನನಗೆ ಸಲೀಸು ಅನ್ನಿಸಿತು.

"ನಾಳೆ ಏಳೂವರೆಗೆ ಬನ್ನಿ ಹೊನ್ನಣ್ಣ," ಎಂದೆ. "ಹೋಗ್ತಾ ದಿವಾಕರನ ಹತ್ರ ಒಮ್ಮೆ ಗೇರ್ ಬಾಕ್ಸ್ ತೋರಿಸಿ, ಎಣ್ಣೆ ಬದಲಾಯಿಸ್ಬೇಕು."

ಸೋಮವಾರ ಏಳಕ್ಕೇ ಬಂದ. ಅನಂತವಾಡಿಯಲ್ಲಿ ಏನೂ ಆಗಲಿಲ್ಲ. ಮಂಕಿಯಲ್ಲೂ ಇಲ್ಲ. ದಿವಾಕರ ಒಳಗೆ ಏನೂ ಸವೆದಿಲ್ಲ ಎಂದು ಹೇಳಿ, ಹೊಸ ಎಣ್ಣೆ ಹಾಕಿ ಕಳಿಸಿದ. ಆ ಖುಷಿಯಲ್ಲಿ ಹೊನ್ನಣ್ಣ ಹಳೆಯ ಕಂಡಕ್ಟರನೊಬ್ಬನಿಗೆ ಹಾರ್ನ್ ಬಾರಿಸುತ್ತ ಕರ್ಕಿಯ ಇಳಿಜಾರು ಇಳಿದ. ಬುಡದಲ್ಲಿ ಧಡ್ ಎಂದಿತು. ಗೌರಿ ಬೆಚ್ಚಿ ಎದ್ದು ಅಳಲು ಬಾಯಿ ತೆರೆದಳು.

"ಅಳ್ಬೇಡ ಕೂಸೆ," ಎಂದ ಹೊನ್ನಣ್ಣ, ಕನ್ನಡಿಯಲ್ಲಿ ಅವಳನ್ನೇ ನೋಡುತ್ತ. "ಅದು ಗಾಡೀದಲ್ಲ, ನಂದು."

ಹಳದೀಪುರ ಬರುವವರೆಗೂ ಎಡಗೈಯನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡೇ ಓಡಿಸಿದ. ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿಯಿರಿ ಎಂದು ನಾನು ಗದರಬೇಕಾಯಿತು.