ಕಾಗದದಲ್ಲಿದ್ದದ್ದು, ನಾನು ಓದಿ ಹೇಳಿದ್ದು

ನಮ್ಮ ಮನೆಗೆ ಬರುವ ತಮಿಳು ಕಾಗದಗಳನ್ನೆಲ್ಲ ಓದಿ ಹೇಳುತ್ತಿದ್ದವನು ನಾನೇ. ಗಡಿಯಾಚೆ, ತಮಿಳುನಾಡಿಗೆ ಸೇರಿದ ಕೆಲಮಂಗಲದ ಹತ್ತಿರ ನಮ್ಮ ಹಳ್ಳಿ. ಅಮ್ಮ ತಮಿಳಿನಲ್ಲಿ ವ್ಯಾಪಾರ ಮಾಡುತ್ತಾಳೆ, ತೆಲುಗಿನಲ್ಲಿ ಜಗಳ ಆಡುತ್ತಾಳೆ, ಅಕ್ಷರ ಮಾತ್ರ ಯಾವ ಭಾಷೆಯದ್ದೂ ಬರುವುದಿಲ್ಲ. ಕರೆಂಟಿನವರ ನೋಟೀಸಾಗಲಿ, ತಾಲ್ಲೂಕು ಆಫೀಸಿನ ಪತ್ರವಾಗಲಿ, ನನ್ನ ಮೂಗಿನ ಮುಂದೆ ಹಿಡಿದು “ಏನಂತ್ಲಾ?” ಅನ್ನುತ್ತಿದ್ದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಅವಳಿಗೆ ಸಾಲುತ್ತಿರಲಿಲ್ಲ. ಆಧಾರ್ ತನ್ನಿ ಎಂದಷ್ಟೇ ಬರೆದಿದ್ದರೆ ನಾನು, “ಆಧಾರ್ ತಗೊಂಡು ಬೆಳಿಗ್ಗೇನೇ ಬಾ, ಮಧ್ಯಾಹ್ನ ಆದ್ರೆ ಸಾಹೇಬ್ರು ಇರಲ್ಲ ಅಂತೈತೆ” ಎನ್ನುತ್ತಿದ್ದೆ. ಕನ್ನಡ ಶಾಲೆಯಲ್ಲಿ ತಮಿಳು ಕೂಡಿಸಿ ಓದಲು ಕಲಿತಾಗಿನಿಂದ ಹೀಗೆ ಸೇರಿಸಿ ಹೇಳುವುದೇ ನನ್ನ ಓದಾಗಿತ್ತು. ಸುಳ್ಳೇನೂ ಹೇಳುತ್ತಿರಲಿಲ್ಲವಲ್ಲ.

ಹೊಸೂರಿನ ಫ್ಯಾಕ್ಟರಿಯಲ್ಲಿ ಕಾಂಟ್ರಾಕ್ಟು ಮುಗಿಯಿತೆಂದು ಗೇಟಿನಲ್ಲೇ ನನ್ನ ಐಡಿ ಕಾರ್ಡು ಕಿತ್ತುಕೊಂಡ ಮೇಲೆ ಸರ್ಕಾರಿ ಗುಮಾಸ್ತರ ಪರೀಕ್ಷೆಗೆ ಕೂತೆ. ಅದರಲ್ಲೊಂದು ತಮಿಳು ಭಾಗ. ಅದರಲ್ಲಿ ಪಾಸಾಗದಿದ್ದರೆ ಉಳಿದ ಉತ್ತರಗಳನ್ನು ಯಾರೂ ಕಣ್ಣೆತ್ತಿಯೂ ನೋಡುವುದಿಲ್ಲ. ನನಗೆ ಗಣಿತದ್ದೇ ಭಯ. ತಮಿಳಿನ ಚಿಂತೆ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. “ನನ್ನ ಮಗ ತಮಿಳು ಹೆಂಗೆ ಓದ್ತಾನೆ ಗೊತ್ತಾ!” ಎಂದು ಅಮ್ಮ ಬೀದಿಯವರ ಮುಂದೆಲ್ಲ ಹೇಳಿಕೊಂಡು ಬಂದಿದ್ದಳು.

ಕೋಚಿಂಗಿನ ಮೊದಲ ಟೆಸ್ಟಿನಲ್ಲೇ ಮುಗ್ಗರಿಸಿದೆ. ಒಂದು ಗದ್ಯಭಾಗ, ಕೆಳಗೆ ಪ್ರಶ್ನೆ, ನಾಲ್ಕು ಆಯ್ಕೆ. ಎರಡನ್ನು ಕಣ್ಣು ಮುಚ್ಚಿ ಹೊಡೆದುಹಾಕಬಹುದು. ಉಳಿದೆರಡರಲ್ಲಿ ಒಂದು ಗದ್ಯದಲ್ಲಿರುತ್ತದೆ, ಇನ್ನೊಂದು ಲೋಕದಲ್ಲಿರುತ್ತದೆ. ನಾನು ಪ್ರತಿ ಸಲವೂ ಲೋಕದ್ದಕ್ಕೆ ಕೈ ಹಾಕುತ್ತಿದ್ದೆ. ವ್ಯಾಪಾರಿ ಮಾವಿನಹಣ್ಣನ್ನು ನಸುಕಿನಲ್ಲೇ ಲೋಡ್ ಮಾಡಿಸಿದ್ದೇಕೆ? ಬಿಸಿಲಿಗೆ ಹಣ್ಣು ಕೆಡುತ್ತದೆಂದು ಕೃಷ್ಣಗಿರಿ ಸೀಮೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಗದ್ಯದಲ್ಲಿದ್ದದ್ದು ಲಾರಿ ಬರುವುದೇ ಆ ಹೊತ್ತಿಗೆ ಎಂದು. ಮೇಷ್ಟ್ರು ಸಾಲಿನ ಮೇಲೆ ಬೆರಳಿಟ್ಟು, ಬಿಸಿಲು ಎಲ್ಲಿದೆ ತೋರಿಸು ಎಂದರು. ಇಲ್ಲಿಲ್ಲ ಸಾರ್, ಆದರೆ ನಿಜ, ಎಂದೆ. ನಿಜ ಯಾರಿಗೆ ಬೇಕು, ಎಂದು ತಮಿಳಿನಲ್ಲಿ ಹೇಳಿ ಮುಂದಿನವನ ಹಾಳೆ ಎತ್ತಿಕೊಂಡರು. ಸಿಟ್ಟು ನೆತ್ತಿಗೇರಿತು. ಆದರೂ ತಿಂಗಳುಗಟ್ಟಲೆ ಮಗ್ಗಿ ಉರುಹೊಡೆದಂತೆ ಅದನ್ನೇ ಅಭ್ಯಾಸ ಮಾಡಿದೆ: ಹಾಳೆಯಲ್ಲಿ ಇದ್ದಷ್ಟೇ, ಹಾಳೆಯಲ್ಲಿ ಇದ್ದಷ್ಟೇ.

ಕೃಷ್ಣಗಿರಿಯ ಒಂದು ಶಾಲೆಯಲ್ಲಿ ಪರೀಕ್ಷೆ. ಗದ್ಯಭಾಗದಲ್ಲಿ ಒಬ್ಬ ಹೆಂಗಸು ಕಚೇರಿಯ ಬೆಂಚಿನ ಮೇಲೆ ಬೆಳಗಿನಿಂದ ಕೂತಿರುತ್ತಾಳೆ. ಸಂಜೆ ಬಸ್ಸಿನ ಹೊತ್ತಾಯಿತೆಂದು ಎದ್ದು ಹೋಗುತ್ತಾಳೆ. ಆಕೆ ಕೆಲಸವಾಗದೆ ಹಿಂದಿರುಗಿದ್ದೇಕೆ? ಬಸ್ಸಿಗೆ ಹೊತ್ತಾಯಿತು ಎಂಬುದೊಂದು ಉತ್ತರ. ಯಾರನ್ನು ಕೇಳಬೇಕೆಂದು ತಿಳಿಯಲಿಲ್ಲ ಎಂಬುದು ಇನ್ನೊಂದು. ನನಗೆ ಆ ಬೆಂಚು ಗೊತ್ತು, ಆ ಹೆಂಗಸೂ ಗೊತ್ತು. ನಾನು ಶಾಲೆಗೆ ಹೋದ ದಿನಗಳಲ್ಲಿ ಅಮ್ಮ ಹಾಗೆಯೇ ಕೂತು ಬಂದಿದ್ದಾಳೆ. ಉತ್ತರದ ಹಾಳೆಯಲ್ಲಿ ನಾಲ್ಕು ಆಯ್ಕೆಗೆ ನಾಲ್ಕು ಸೊನ್ನೆ, ಕೊನೆಯಲ್ಲಿ ಐದನೆಯದೊಂದಿತ್ತು, ಉತ್ತರ ಗೊತ್ತಿಲ್ಲದವರು ತುಂಬಬೇಕಾದದ್ದು. ಗೊತ್ತಿಲ್ಲ ಎಂದು ಹೇಗೆ ತುಂಬಲಿ? ಹಲ್ಲು ಕಚ್ಚಿ ಬಸ್ಸಿನದ್ದಕ್ಕೇ ಕಪ್ಪು ತುಂಬಿದೆ. ಪೆನ್ನಿನ ಶಾಯಿ, ಅಳಿಸುವ ಹಾಗಿಲ್ಲ.

ಅಲ್ಲಿಂದ ಮುಂದೆ ನನ್ನ ಬುದ್ಧಿ ನನ್ನ ಕೈಯಲ್ಲಿರಲಿಲ್ಲ. ಯಾವುದು ಸರಿ ಅನ್ನಿಸಿತೋ ಅದರ ಮೇಲೆಲ್ಲ ಅನುಮಾನ. ಲೇಖಕರು ಬಾಯಿಬಿಟ್ಟು ಹೇಳದೆ ಸೂಚಿಸಿದ್ದೇನು ಎಂದು ಕೇಳಿದ ಕಡೆಯೂ ಸಾಲಿನಲ್ಲಿ ಅಚ್ಚಾದ ಮಾತನ್ನೇ ಹುಡುಕಿ ತುಂಬಿದೆ. ಅದು ತಪ್ಪೆಂದು ಹೊಳೆಯುವಷ್ಟರಲ್ಲಿ ಗಂಟೆ ಹೊಡೆಯಿತು. ಬಸ್ಸಿನಲ್ಲಿ ಮನೆ ತಲುಪುವವರೆಗೂ ದೇವರೇ ಗತಿ ಎಂದುಕೊಂಡು ಕೂತಿದ್ದೆ.

ದೇವರೂ ಕೈಬಿಟ್ಟ. ತಮಿಳು ಭಾಗದಲ್ಲಿ ಫೇಲು. ಗಣಿತ ಹೇಗೆ ಮಾಡಿದ್ದೆನೋ ನನಗೆ ಈಗಲೂ ಗೊತ್ತಿಲ್ಲ. ಅಮ್ಮ ಬೈಯಲಿಲ್ಲ. “ತಮಿಳಲ್ಲೇನಾ?” ಎಂದಷ್ಟೇ ಕೇಳಿ ಒಲೆಯ ಕಡೆ ತಿರುಗಿದಳು.

ಆಮೇಲೆ ಒಂದು ದಿನ ಜಮೀನಿನ ಅಳತೆಯ ನೋಟೀಸು ಬಂತು. ಅಮ್ಮ ಅದನ್ನು ಸೆರಗಿನೊಳಗೆ ಇಟ್ಟುಕೊಂಡು ಹೊರಗೆ ಹೋದಳು. ನಾನು ನೀರಿಗೆಂದು ಕೊಡ ಹಿಡಿದು ಹೋದಾಗ ಪಕ್ಕದ ಮನೆಯ ಜಗಲಿಯಲ್ಲಿ ಕೂತಿದ್ದಳು. ಧರ್ಮಪುರಿ ಕಡೆಯಿಂದ ಬಂದ ಆ ಮನೆಯ ಸೊಸೆ ತಮಿಳಿನಲ್ಲಿ ಒಂದೊಂದೇ ಸಾಲು ಓದುತ್ತಿದ್ದಳು, ಅಮ್ಮ ತಲೆ ತಗ್ಗಿಸಿ ಕೇಳುತ್ತಿದ್ದಳು. ನನ್ನನ್ನು ಕಂಡವಳೇ ಅಮ್ಮ ಎದ್ದು ನಿಂತಳು.

“ನಿಂಗ್ಯಾಕೆ ತೊಂದ್ರೆ ಕೊಡಾದು ಅಂತ ಬಂದೆ ಕಣ್ಲಾ,” ಎಂದಳು.

ಫೇಲಾದ ದಿನ ನಾನು ಅತ್ತಿರಲಿಲ್ಲ. ಅವತ್ತು ನಲ್ಲಿಯ ಹತ್ತಿರ ನಾಲ್ಕು ಜನರ ಎದುರಿಗೇ ಅತ್ತುಬಿಟ್ಟೆ.