ಮುಳ್ಳಿಗೆ ಎಳೆತ ಮಾತ್ರ ಗೊತ್ತು

ಹೋದ ತಿಂಗಳು ನಂಜನಗೂಡಿನ ತಮ್ಮನ ಮನೆಗೆ ಹೋದಾಗ ಅವನ ಕೂಸಿಗೆ ನೀರೆರೆದು ಸಾಂಬ್ರಾಣಿ ಹೊಗೆ ಹಿಡಿಯುತ್ತಿದ್ದರು. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ಹದಿನಾರು ಎಂಬ ಊರಿನ ನಮ್ಮ ತೊಟ್ಟಿಮನೆ ಕಣ್ಣಮುಂದೆ ಬಂದು ನಿಂತಿತು. ತೊಟ್ಟಿಗೆ ಇಳಿಯುವ ಬೆಳಗಿನ ಬಿಸಿಲು, ಕಂಬಕ್ಕೊರಗಿ ಕೂತ ಅಜ್ಜಿ, ಬಾಣಂತಿಕೋಣೆಯಿಂದ ಬರುವ ಹುರಿದ ಬೆಳ್ಳುಳ್ಳಿಯ ಘಮ. ಆಸ್ತಿ ಪಾಲಾದ ಮೇಲೆ ಆ ಮನೆಯನ್ನು ಕೆಡವಿದರು; ಅಲ್ಲೀಗ ಮೂರು ಆರ್‌ಸಿಸಿ ಮನೆಗಳಿವೆ. ನಿಮ್ಮದೂ ಇಂಥದೊಂದು ಮನೆ ಹೋಗಿದ್ದರೆ ಹೆಚ್ಚು ಹೇಳಬೇಕಾಗಿಲ್ಲ.

ರಾಜತ್ತೆ ನಮ್ಮಪ್ಪನ ಅಕ್ಕ. ಟಿ. ನರಸೀಪುರದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಡಂ. ಗಂಡ ತೀರಿಕೊಂಡ ಮೇಲೆ ಅಲ್ಲೇ ಒಂದು ಕೋಣೆ ಮಾಡಿಕೊಂಡಿದ್ದು, ಶನಿವಾರ ಮಧ್ಯಾಹ್ನದ ಬಸ್ಸಿಗೆ ನಮ್ಮಲ್ಲಿಗೆ ಬರುತ್ತಿದ್ದರು. ಅಳತೆಯ ವಿಷಯದಲ್ಲಿ ಬಲು ಕಟ್ಟುನಿಟ್ಟು. ಅಜ್ಜಿ 'ಒಂದು ಹಿಡಿ ಉಪ್ಪು' ಅಂದರೂ 'ಯಾರ ಹಿಡಿ?' ಎಂದು ಕೇಳುವವರು.

ನನಗೆ ಒಂಬತ್ತು ವರ್ಷವಾಗಿದ್ದಾಗ ತಮ್ಮ ಹುಟ್ಟಿದ. ತಿಂಗಳು ತುಂಬದೆ ಹುಟ್ಟಿದವನು, ಅಂಗೈಯಗಲದ ಮುಖ. ಅವ್ವ ಇಪ್ಪತ್ತು ದಿನ ಅವನೊಂದಿಗೆ ಆಸ್ಪತ್ರೆಯಲ್ಲೇ ಇದ್ದಳು. ಮನೆಗೆ ಕಳಿಸುವಾಗ ಡಾಕ್ಟರು, ವಾರವಾರ ತೂಕ ನೋಡಿ, ಏರದಿದ್ದರೆ ತಡಮಾಡದೆ ಕರೆತನ್ನಿ ಎಂದಿದ್ದರಂತೆ. ಹಾಗಾಗಿ ಭಾನುವಾರ ಬೆಳಿಗ್ಗೆ ರಾಜತ್ತೆ ಅಂಗನವಾಡಿಯಿಂದ ಸ್ಪ್ರಿಂಗ್ ತಕ್ಕಡಿ ತಂದು ತೊಟ್ಟಿಯ ತೊಲೆಗೆ ನೇತುಹಾಕುತ್ತಿದ್ದರು. ಅವ್ವನ ಹಳೇ ಸೀರೆಯ ಜೋಲಿಯಲ್ಲಿ ಕೂಸು. ಅದು ತೂಗಾಡದ ಹಾಗೆ ಕೆಳಗಿನಿಂದ ಹಿಡಿದುಕೊಳ್ಳುವುದು ನನ್ನ ಕೆಲಸ.

ಮೊದಲ ಭಾನುವಾರ ಮುಳ್ಳು ಆಸ್ಪತ್ರೆಯವರು ಬರೆದುಕೊಟ್ಟಿದ್ದ ತೂಕದ ಗೆರೆಯಲ್ಲೇ ನಿಂತಿತು. ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡರು. ಮತ್ತೆ ಆಸ್ಪತ್ರೆಯೆಂದರೆ ಮತ್ತೆ ಅವ್ವನಿಲ್ಲದ ಇಪ್ಪತ್ತು ದಿನ. ನಾನು ಬಟ್ಟೆಯ ಮಡಿಕೆಗೆ ಬೆರಳು ಸಿಕ್ಕಿಸಿ ಮೆಲ್ಲಗೆ ಕೆಳಕ್ಕೆ ಎಳೆದೆ. ಮುಳ್ಳು ಎರಡು ಗೆರೆ ಮುಂದೆ ಹೋಯಿತು. "ಏರ್ಯದೆ ಕಣವ್ವ, ನಂಜುಂಡಪ್ಪ ಕಣ್ಬುಟ್ಟ," ಎಂದರು ಅಜ್ಜಿ. ಮುಂದಿನ ವಾರ ಇನ್ನಷ್ಟು ಎಳೆದೆ.

ಮೂರನೆಯ ವಾರ ಅವ್ವ ಕೂಸನ್ನು ಜೋಲಿಗೆ ಹಾಕುವ ಮೊದಲೇ ಹೇಳಿದಳು: "ಏರೈತೆ ಅಂತೀರಿ ಅತ್ಗೆ, ನನ್ನ ಕೈಗೆ ಹಂಗನ್ನುಸ್ತಿಲ್ಲ. ಹಾಲೂ ಸರ್ಯಾಗಿ ಕುಡೀತಿಲ್ಲ."

ರಾಜತ್ತೆ ಕೂಸಿನೊಂದಿಗೆ ಅವ್ವನನ್ನು ಒಳಗೆ ಕಳಿಸಿದರು. ಅಂಗಡಿಯಿಂದ ತಂದ ಒಂದು ಕೆಜಿ ಸಕ್ಕರೆ ಪೊಟ್ಟಣವನ್ನು ತೂಗುಹಾಕಿ ನೋಡಿದರು. ಸರಿಯಾಗಿ ಒಂದು ಕೆಜಿ. ಆಮೇಲೆ ನನ್ನ ಕಡೆ ತಿರುಗಿದರು. ಕೇಳುವ ಮೊದಲೇ ನನಗೆ ಅಳು ಬಂದುಬಿಟ್ಟಿತು.

ಬೈಯಲಿಲ್ಲ. ನನ್ನ ಬೆರಳನ್ನು ಖಾಲಿ ಕೊಂಡಿಗೆ ಸಿಕ್ಕಿಸಿ, "ಎಳಿ," ಎಂದರು. ಎಳೆದೆ. "ಕಾಲು ಕೆಜಿ ತೋರುಸ್ತಾ ಅದೆ. ಕಾಲು ಕೆಜಿ ವಸ್ತು ಏನಾದ್ರೂ ಇದ್ಯಾ ಇಲ್ಲಿ?"

ಇಲ್ಲವೆಂದು ತಲೆಯಾಡಿಸಿದೆ.

"ಮುಳ್ಳಿಗೆ ಎಳೆತ ಮಾತ್ರ ಗೊತ್ತು ಕಣವ್ವ. ಭೂಮಿ ಎಳುದ್ರೂ ಒಂದೇ, ನೀನು ಎಳುದ್ರೂ ಒಂದೇ. ಆ ಎಳೆತಕ್ಕೆ ಬಲ ಅಂತೀವಿ, ನ್ಯೂಟನ್ ಲೆಕ್ಕ. ಒಂದು ಕೆಜಿನ ಭೂಮಿ ಹೆಚ್ಚುಕಮ್ಮಿ ಹತ್ತು ನ್ಯೂಟನ್ನಷ್ಟು ಎಳೀತದೆ. ಆದ್ರೆ ಕೆಜಿ ಅನ್ನೋದು ಕೂಸಿನ ಮೈಯೊಳಗಿರೋದು, ಅದುನ್ನ ದ್ರವ್ಯರಾಶಿ ಅಂತೀವಿ. ನೀನು ಎಷ್ಟೇ ಎಳಿ, ಅದು ಒಂದು ಗ್ರಾಮೂ ಏರಲ್ಲ. ಅವನು ಹಾಲು ಕುಡುದ್ರೇ ಏರೋದು."

ನನ್ನ ಕಣ್ಣೊರೆಸಿ ಅವ್ವನ ಬಳಿ ಒಳಗೆ ಹೋದರು. "ಮಂಗಳಾ, ತಕ್ಕಡಿ ತಪ್ಪು ತೋರುಸ್ತಾ ಇತ್ತು. ನಾನು ನೋಡ್ಕೋಬೇಕಿತ್ತು. ಹೊರಡು, ಬಸ್ಸಿಗೆ ಹೊತ್ತಾಯ್ತದೆ," ಎಂದದ್ದು ನನಗೆ ಕೇಳಿಸಿತು. ಉಪ್ಪಿನ ಹಿಡಿಗೂ ಲೆಕ್ಕ ಕೇಳುತ್ತಿದ್ದ ರಾಜತ್ತೆಯ ಬಾಯಲ್ಲಿ ನಾನು ಕೇಳಿದ ಒಂದೇ ಒಂದು ಸುಳ್ಳು ಅದು.

ನಂಜನಗೂಡಿನ ಆಸ್ಪತ್ರೆಯಲ್ಲಿ ನರ್ಸು ತಮ್ಮನನ್ನು ತಟ್ಟೆಯ ತಕ್ಕಡಿಯಲ್ಲಿ ಮಲಗಿಸಿದಾಗ ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ದೂರ ನಿಂತಿದ್ದೆ. ಹುಟ್ಟಿದಾಗಿನದಕ್ಕಿಂತ ತುಸುವೇ ಹೆಚ್ಚು ತೂಕ. ಇನ್ನೊಂದು ವಾರ ಬಿಟ್ಟಿದ್ದರೆ ಕಷ್ಟವಾಗುತ್ತಿತ್ತು ಎಂದರು ಡಾಕ್ಟರು. ರಾಜತ್ತೆ ನನ್ನತ್ತ ನೋಡಲಿಲ್ಲ. ನನ್ನ ತಲೆಯ ಮೇಲೆ ಕೈಯಿಟ್ಟುಕೊಂಡೇ ಕೇಳಿಸಿಕೊಂಡರು. ಸ್ಕೂಲಿಗೆ ರಜಾ ಹಾಕಿ, ಅವ್ವ ಮರಳುವವರೆಗೂ ಹದಿನಾರಲ್ಲೇ ಇದ್ದು ನನಗೆ ತಲೆ ಬಾಚಿದರು. ತಮ್ಮ ಉಳಿದ. ಈಗ ತಾಂಡ್ಯದ ಫ್ಯಾಕ್ಟರಿಯೊಂದರಲ್ಲಿ ಸೂಪರ್‌ವೈಸರ್.

ಅವ್ವನಿಗೆ ಕೊನೆಯವರೆಗೂ ವಿಷಯ ತಿಳಿಯಲಿಲ್ಲ. ರಾಜತ್ತೆ ನಿವೃತ್ತರಾದ ಮೇಲೆ ನಾನು ಒಮ್ಮೆ ನರಸೀಪುರಕ್ಕೆ ಹೋಗಿದ್ದವಳು, ಇಬ್ಬರೇ ಕೂತು ಅವರೆಕಾಯಿ ಬಿಡಿಸುತ್ತಿದ್ದಾಗ, ಆ ಭಾನುವಾರದ ಮಾತೆತ್ತಿದೆ.

"ಯಾವ ಭಾನುವಾರ?" ಎಂದರು.

ಹೋದ ವರ್ಷ ರಾಜತ್ತೆ ತೀರಿಕೊಂಡರು. ನಿಜಕ್ಕೂ ಮರೆತಿದ್ದರೋ, ನನಗಾಗಿ ಮರೆತವರಂತೆ ಇದ್ದರೋ, ಕೇಳೋಣವೆಂದರೆ ಈಗ ಯಾರೂ ಇಲ್ಲ.