ಐದೂಮುಕ್ಕಾಲರ ಸೈರನ್

ಇಲ್ಯೂಷನ್, ಡಿಲ್ಯೂಷನ್, ಹ್ಯಾಲೂಸಿನೇಷನ್ ಮೂರಕ್ಕೂ 'ಭ್ರಮೆ' ಎಂದು ಬರೆದು ಕೈತೊಳೆದುಕೊಂಡ ಮಕ್ಕಳನ್ನು ಸುಭದ್ರಮ್ಮ ಟೀಚರ್ ಸುಮ್ಮನೆ ಬಿಟ್ಟವರಲ್ಲ. ಕಾಗದನಗರದ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಇಂಗ್ಲಿಷ್ ಕಲಿಸಿದವರು. "ಹಗ್ಗ ಇದೆ, ಹಾವು ಅಂದ್ಕೊಂಡ್ರೆ ಇಲ್ಯೂಷನ್. ಹಗ್ಗಾನೇ ಇಲ್ದೆ ಹಾವು ಕಂಡ್ರೆ ಹ್ಯಾಲೂಸಿನೇಷನ್. ದೀಪ ಹಿಡಿದು ತೋರಿಸಿದ್ರೂ ಹಾವೇ ಅಂತ ಹಟ ಮಾಡಿದ್ರೆ ಡಿಲ್ಯೂಷನ್. ತಿಳೀತಾ?" ಎಂದು ಮೇಜು ಕುಟ್ಟುತ್ತಿದ್ದರು. ನಿವೃತ್ತಿಯಾದ ಮೇಲೆ ಆ ಪಾಠ ತಮ್ಮ ಮನೆ ಬಾಗಿಲಿಗೇ ಬರುತ್ತದೆಂದು, ಪಾಪ, ಅವರಿಗೇನು ಗೊತ್ತು?

ಗಂಡ ಶೇಷಪ್ಪ ಕಾಗದದ ಮಿಲ್ಲಿನಲ್ಲಿ ದುಡಿದವರು. ಮಿಲ್ಲು ನಿಂತು ವರ್ಷಗಳೇ ಆದವು. ಬೆಳಗಿನ ಪಾಳಿಗೆ ಕರೆಯುತ್ತಿದ್ದ ಅದರ ಸೈರನ್ ಕೂಡ ಅಂದಿನಿಂದ ಬಾಯಿ ಬಿಟ್ಟಿಲ್ಲ. ಆದರೆ ಈಚೆಗೆ ಶೇಷಪ್ಪ ದಿನಾ ಬೆಳಗ್ಗೆ ಐದೂಮುಕ್ಕಾಲಿಗೆ ಜಗಲಿಯ ಮಂಚದಿಂದ ಎದ್ದು, "ಸೈರನ್ ಆಯ್ತು," ಎನ್ನುತ್ತಿದ್ದರು. ಮುಖ ತೊಳೆದು, ಶರ್ಟು ತೊಟ್ಟು, ಮಿಲ್ಲಿನ ಗೇಟಿನವರೆಗೆ ನಡೆದು ವಾಪಸಾಗುತ್ತಿದ್ದರು. ಒಳಕೋಣೆಯಲ್ಲಿ ಫ್ಯಾನಿನ ಗಡಗಡದಡಿ ಮಲಗುವ ಸುಭದ್ರಮ್ಮನಿಗೆ ಏನೂ ಕೇಳಿಸಿದ್ದಿಲ್ಲ. ಗಂಡನ ತಲೆ ಕೆಟ್ಟಿತೇ ಎಂದು ಹೆದರಿದರು.

ಶಿವಮೊಗ್ಗದಲ್ಲಿ ಮನೋವೈದ್ಯೆಯಾಗಿದ್ದ ಹಳೆಯ ಶಿಷ್ಯೆ ದಿವ್ಯಶ್ರೀಗೆ ಫೋನು ಮಾಡಿದರು.

"ನೀವೇ ಹೇಳ್ಕೊಟ್ಟ ಪಾಠ ಅಲ್ವಾ ಮೇಡಂ. ಶಬ್ದ ಇದೆಯಾ ಇಲ್ವಾ, ಮೊದ್ಲು ನೋಡಿ. ಇಲ್ಲ ಅಂದ್ರೆ ಸೋಮವಾರ ಸರ್‌ನ ಕರ್ಕೊಂಡ್ ಬನ್ನಿ. ಸ್ಕ್ಯಾನ್ ಮಾಡಿಸಿ, ಮಾತ್ರೆ ಶುರು ಮಾಡೋಣ."

ಸೋಮವಾರಕ್ಕೆ ನಾಲ್ಕೇ ದಿನ. ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಸಾರಿಗೆ ಎರಡು ಸಲ ಉಪ್ಪು ಬಿತ್ತು. ಮಿಲ್ಲಿನ ಗೇಟು ಕಾಯುವ ಕರಿಯಣ್ಣನನ್ನು ಹೋಗಿ ಕೇಳಿದರೆ, "ಸೈರನ್ನಾ? ತುಕ್ಕು ಹಿಡಿದು ಕೂತಿದೆ ಬಿಡಿ ಟೀಚರಮ್ಮ," ಎಂದು ನಕ್ಕ. ನಗುವ ಮಾತೇ ಇದು!

ಶುಕ್ರವಾರ ರಾತ್ರಿ ತಾವೂ ಜಗಲಿಯಲ್ಲೇ ಚಾಪೆ ಹಾಸಿಕೊಂಡರು. ಶನಿವಾರ ಬೆಳಗ್ಗೆ ಐದೂಮುಕ್ಕಾಲಿಗೆ ಪಕ್ಕದ ಗೋಡೆಯಾಚೆ ಏನೋ ಸಣ್ಣಗೆ ಶುರುವಾಗಿ, ಏರಿ ಏರಿ, ಊಂ ಎಂದು ಕೂಗಿತು. ಸುಭದ್ರಮ್ಮ ಬರಿಗಾಲಲ್ಲೇ ಓಡಿದರು. ನೋಡಿದರೆ, ನೆರೆಮನೆ ಮಹಾಂತಮ್ಮನ ಹಿತ್ತಿಲ ನಲ್ಲಿ. ದಿನಾ ಆ ಹೊತ್ತಿಗೆ ನೀರು ಬಂದಾಗ ಸದ್ದಿಗೆ ಎಚ್ಚರವಾಗಲೆಂದು ಆಕೆ ಮಲಗುವ ಮುಂಚೆಯೇ ನಲ್ಲಿ ತಿರುಗಿಸಿ, ಅದರ ಕೆಳಗೆ ಕೊಡ ಇಡುತ್ತಿದ್ದಳು. ಖಾಲಿ ಪೈಪಿನಲ್ಲಿ ನೀರಿಗಿಂತ ಮೊದಲು ಗಾಳಿ ನುಗ್ಗಿ ಕೂಗುತ್ತಿತ್ತು. ಹಗ್ಗ ಸಿಕ್ಕಿತು. ಸುಭದ್ರಮ್ಮ ಕೊಡದ ಪಕ್ಕದಲ್ಲೇ ಕೂತು ಅತ್ತುಬಿಟ್ಟರು.

"ಇನ್ಮೇಲೆ ನಲ್ಲಿ ಬಂದ್ ಮಾಡಿ ಮಲ್ಕೋ ಮಾರಾಯ್ತಿ. ನೀರು ಬಂದ್ರೆ ನಾನೇ ಎಬ್ಬಿಸ್ತೀನಿ," ಎಂದು ಮಹಾಂತಮ್ಮನನ್ನು ಒಪ್ಪಿಸಿದರು. "ಇಲ್ಯೂಷನ್ ಕಣೇ," ಎಂದು ದಿವ್ಯಶ್ರೀಗೆ ತಿಳಿಸುವಾಗ ದನಿಯಲ್ಲಿ ಹಳೆಯ ಗತ್ತು ಮರಳಿತ್ತು.

ಭಾನುವಾರ ಶೇಷಪ್ಪ ಏಳಲಿಲ್ಲ. ಸೋಮವಾರವೂ ಇಲ್ಲ. ಗಂಟೆ ಒಂಬತ್ತಾದರೂ ಗೋಡೆ ನೋಡುತ್ತ ಬಿದ್ದಿರುತ್ತಿದ್ದರು. ಗಡ್ಡ ಬೆಳೆಯಿತು, ತಟ್ಟೆಯ ತಿಂಡಿ ಆರಿತು. ಬುಧವಾರ ಸುಭದ್ರಮ್ಮನಿಗೆ ತಡೆಯಲಾಗಲಿಲ್ಲ.

"ಯಾಕ್ರೀ ಏಳ್ತಿಲ್ಲ?"

"ಸೈರನ್ ಆಗ್ಲಿಲ್ವಲ್ಲ."

"ಅದು ಮಹಾಂತಮ್ಮನ ನಲ್ಲಿ ಕೂಗ್ತಿದ್ದಿದ್ದು ರೀ. ಮಿಲ್ ಮುಚ್ಚಿ ಎಷ್ಟ್ ವರ್ಷ ಆಯ್ತು?"

"ಮುಚ್ಚಿರೋದು ನಂಗೊತ್ತಿಲ್ವಾ? ಬೀಗ ಹಾಕ್ದಾಗ ಗೇಟಲ್ಲೇ ನಿಂತಿದ್ದೆ." ಶೇಷಪ್ಪ ಮಗ್ಗುಲಾದರು. "ನಲ್ಲಿನೋ ಏನೋ, ನನ್ನ ಕರೀತಿತ್ತು. ಈಗ ಎದ್ದು ಎಲ್ಲಿಗೆ ಹೋಗ್ಲಿ ಹೇಳು."

ಸುಭದ್ರಮ್ಮ ಆರಿದ ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಹಟ ಮಾಡುವ ಡಿಲ್ಯೂಷನ್ನೂ ಇದಲ್ಲ. ಮನುಷ್ಯನಿಗೆ ಹಗ್ಗ ಯಾವುದೆಂದು ಚೆನ್ನಾಗಿಯೇ ಗೊತ್ತು. ಅದನ್ನು ಕಿತ್ತುಕೊಂಡವರು ತಾವೇ.

ಸಂಜೆ ಮಹಾಂತಮ್ಮನ ಹಿತ್ತಿಲಿಗೆ ಹೋಗಿ, ನಲ್ಲಿ ತಿರುಗಿಸಿಡು ಎಂದರು.

"ಮೊನ್ನೆ ಬಂದ್ ಮಾಡು ಅಂದ್ರಿ, ಇವತ್ತು ಬಿಡು ಅಂತೀರಿ. ನಿಮಗೇನಾಗಿದೆ ಟೀಚರ್?"

"ನಂಗೇನೂ ಆಗಿಲ್ಲ," ಎಂದು ತಾವೇ ಬಗ್ಗಿ ತಿರುಗಿಸಿದರು.

ಮರುದಿನ ಐದೂವರೆಗೇ ಎದ್ದು, ಗಂಡನ ಶರ್ಟನ್ನು ಮಂಚದ ಪಕ್ಕದ ಕುರ್ಚಿಯ ಮೇಲಿಟ್ಟು ಕಾದರು. ಗೋಡೆಯಾಚೆ ನಲ್ಲಿ ಕೂಗಿತು. ಶೇಷಪ್ಪ ಕಣ್ಣು ಬಿಟ್ಟು ಹೆಂಡತಿಯ ಮುಖ ನೋಡಿದರು.

"ಏಳ್ರೀ," ಎಂದರು ಸುಭದ್ರಮ್ಮ. "ಸೈರನ್ ಆಯ್ತು."